ಪಾಸ್ತಾ ಕುದಿಸಾಕ ಕಲೀರಿ, ಗೋದಿಗೆ ರೇಟ್ ಕೇಳಾಕ ಬರ್ತೈತಿ



ಇವತ್ತಿನ ಬರಹ ಸ್ವಲ್ಪ ಉದ್ದ ಐತಿ, ಚಾ ಕುಡ್ಕೋತ ಓದ್ರಿ. ವಿಷಯ ಪಾಸ್ತಾ. "ಹೊಲದ ಪೇಜಿನಾಗ ಇಟಲಿ ಅಡಗಿ ಎಲ್ಲಿಂದ ಬಂತಪಾ" ಅಂತ ಕೆಳಗ ಬರಿಯೋರು ಇದ್ದೀರಿ, ಗೊತ್ತೈತಿ. ಅದಕ್ಕ ಮೊದಲೇ ಉತ್ತರ ಹೇಳ್ತೀನಿ. ಹಿಂಗಾರಿ ಬಿತ್ತಿಗಿ ಹತ್ತಿರ ಬಂದಿದೆ. ನಮ್ಮ ಎರಿ ಹೊಲದಾಗ ಬಿಜಗ ಗೋದಿ, ಜವೆ ಗೋದಿ ಬಿತ್ತೋರು ವರ್ಷ ವರ್ಷ ಕಡಿಮೆ ಆಗ್ತಾ ಇದ್ದಾರೆ. ಕಾರಣ ಕೇಳಿದ್ರೆ ಒಂದೇ ಮಾತು: "ಯಾವ ಗೋದಿ ಒಯ್ದರೂ ಅಡತ್ಯಾಗ ರೇಟ್ ಒಂದೇ." ನಿಜ. ಬೆಂಬಲ ಬೆಲೆಯ ಪಟ್ಟಿಯಲ್ಲೂ ಗೋದಿ ಅಂದ್ರೆ ಒಂದೇ ಸಾಲು. ಆದರೆ ಜಗತ್ತಿನಲ್ಲಿ ಬಿಜಗದಂಥ ಗಟ್ಟಿ ಗೋದಿಯ ಹೆಸರಿನ ಮೇಲೆ ಒಂದು ದೇಶ ಕಾನೂನೇ ಮಾಡಿದೆ. ಆ ಕಾನೂನು ಹುಟ್ಟಿದ್ದು ಅವರ ಅಡಗಿಮನಿಯಿಂದ. ನನ್ನ ಅಭಿಪ್ರಾಯ ಇಷ್ಟೇ: ತಾನು ಬೆಳೆದ ಕಾಳು ಪಾತೇಲಿಯೊಳಗ ಏನು ಮಾಡ್ತೈತಿ ಅಂತ ಗೊತ್ತಿಲ್ಲದ ರೈತನಿಗೆ ಅದರ ರೇಟ್ ಬಗ್ಗೆ ಮಾತಾಡಾಕ ಬಾಯಿ ಬರಂಗಿಲ್ಲ.

ಮೊದಲು ಪಾಸ್ತಾ ಅಂದ್ರೆ ಏನು ನೋಡೋಣ. ಒಳ್ಳೆಯ ಒಣ ಪಾಸ್ತಾದಾಗ ಇರೋದು ಎರಡೇ ವಸ್ತು, ಗಟ್ಟಿ ಗೋದಿ ರವಾ ಮತ್ತು ನೀರು. ತತ್ತಿ ಇಲ್ಲ, ಮೈದಾ ಇಲ್ಲ, ಸೋಡಾ ಇಲ್ಲ. ಈ ಗಟ್ಟಿ ಗೋದಿಗೆ ಪುಸ್ತಕದಾಗ ಡ್ಯೂರಮ್ ಅಂತಾರೆ. ಚಪಾತಿ, ಬ್ರೆಡ್‌ಗೆ ಬಳಸೋ ಸಾದಾ ಗೋದಿಯಲ್ಲಿ 42 ಕ್ರೋಮೋಸೋಮ್, ಡ್ಯೂರಮ್‌ನಲ್ಲಿ 28. ಹೀಗಾಗಿ ಇವೆರಡೂ ಒಂದೇ ಗೋದಿಯ ಎರಡು ತಳಿ ಅಲ್ಲ, ಜಾತಿನೇ ಬ್ಯಾರೆ. ನಮ್ಮ ಬಿಜಗ ಯೆಲ್ಲೋ ಡ್ಯೂರಮ್ ಗುಂಪಿಗೆ ಸೇರಿದ್ದು. ಮಧ್ಯಪ್ರದೇಶದ ಮಾಳವಾದ ಕಡೆ ಬೆಳೆಯೋ ಗಟ್ಟಿ ಗೋದಿನೂ ಇದೇ.

ಈ ಕಾಳು ಗಿರಣಿಯಲ್ಲಿ ಹಿಟ್ಟಾಗಾಕ ಒಪ್ಪಂಗಿಲ್ಲ, ಒಡೆದು ರವಾ ಆಗ್ತೈತಿ. ಗಾಜಿನಂತೆ ಗಟ್ಟಿ ಇರೋದೇ ಕಾರಣ. ಬಣ್ಣ ಹಳದಿ. ಅದರೊಳಗಿನ ಪ್ರೋಟೀನ್ ನೀರು ಕುಡಿದು ಬಲಿ ಥರ ಹೆಣಕೊಂಡು ಪಿಷ್ಟದ ಕಣಗಳನ್ನು ಹಿಡಿದಿಡ್ತದೆ. ಅದಕ್ಕೆ ಡ್ಯೂರಮ್ ಪಾಸ್ತಾ ಹತ್ತು ನಿಮಿಷ ಕುದ್ದರೂ ಆಕಾರ ಬಿಡೋದಿಲ್ಲ. ಮೈದಾದಾಗ ಮಾಡಿದ್ದನ್ನು ಅಷ್ಟೇ ಹೊತ್ತು ಕುದಿಸಿ ನೋಡ್ರಿ, ನೀರು ಗಂಜಿ ಆಗ್ತೈತಿ, ಪಾಸ್ತಾ ಮುದ್ದಿ ಆಗ್ತೈತಿ. ಇದು ನಮ್ಮ ಅಕ್ಕಾರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಶಾವಗಿಗೆ ಯಾವ ಗೋದಿ ಬೇಕು, ಯಾವುದು ಎಳೆ ಬರಂಗಿಲ್ಲ ಅಂತ ಅವರಿಗೆ ಮೊದಲಿಂದ ಗೊತ್ತು.

ಇನ್ನು ಆ ಕಾನೂನು. ಇಟಲಿ 1967ರಲ್ಲಿ ಒಂದು ಕಾಯ್ದೆ ತಂದಿತು, ಅದರ ಸಂಖ್ಯೆ 580. ಒಣ ಪಾಸ್ತಾ ಅಂತ ಹೆಸರಿಟ್ಟು ಮಾರಬೇಕಾದರೆ ಅದು ಡ್ಯೂರಮ್ ರವಾದಿಂದಲೇ ಆಗಿರಬೇಕು ಅಂತ ಅದರಲ್ಲಿ ಬರೆದರು. ಈಗ ಜಾರಿಯಲ್ಲಿರೋ 2001ರ ನಿಯಮದ ಪ್ರಕಾರ ಪಾಸ್ತಾದಲ್ಲಿ ತೇವಾಂಶ ಶೇ 12.5 ಮೀರಬಾರದು, ಪ್ರೋಟೀನ್ ಶೇ 10.5ಕ್ಕಿಂತ ಕಡಿಮೆ ಇರಬಾರದು, ಸಾದಾ ಗೋದಿ ಕಲಬೆರಕೆ ಶೇ 3ರ ಒಳಗೇ ಇರಬೇಕು. ಇದರಿಂದ ರೈತನಿಗೆ ಏನಾಯ್ತು? ಪೇಟೆಯಲ್ಲಿ ಸಾದಾ ಗೋದಿ ಎಷ್ಟೇ ಅಗ್ಗ ಇರಲಿ, ಪಾಸ್ತಾ ಮಾಡೋನು ಅದನ್ನು ಮುಟ್ಟೋ ಹಾಗಿಲ್ಲ, ಗಟ್ಟಿ ಗೋದಿ ಬೆಳೆದವನ ಹತ್ರನೇ ಬರಬೇಕು. 1988ರಲ್ಲಿ ಯುರೋಪಿನ ನ್ಯಾಯಾಲಯ, ಬೇರೆ ದೇಶದಲ್ಲಿ ಸಾದಾ ಗೋದಿಯಿಂದ ಮಾಡಿದ ಪಾಸ್ತಾ ಇಟಲಿಯೊಳಗೆ ಬರೋದನ್ನು ತಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಆದರೂ ಇಟಲಿಯ ಜನ ಕೊಳ್ಳೋದು ಡ್ಯೂರಮ್ ಪಾಸ್ತಾನೇ. ನ್ಯಾಯಾಲಯ ಬಾಗಿಲು ತೆಗೆದರೂ ನಾಲಿಗೆ ಒಪ್ಪಲಿಲ್ಲ. ಈ ಮಾತು ನೆನಪಿನಾಗ ಇಟ್ಕೊಳ್ರಿ, ಮುಂದೆ ಬೇಕಾಗ್ತೈತಿ.

ಇಟಲಿ ಕೂಡ ತನಗೆ ಬೇಕಾದಷ್ಟು ಡ್ಯೂರಮ್ ಬೆಳೆಯಂಗಿಲ್ಲ, ಕೆನಡಾ ಮುಂತಾದ ಕಡೆಯಿಂದ ತರಿಸ್ತದೆ. ಹೊರಗಿನ ಗೋದಿ ತಂದು ಚೀಟಿ ಮೇಲೆ ಇಟಲಿ ಬಾವುಟ ಅಂಟಿಸಿ ಮಾರ್ತಾರೆ ಅನ್ನೋದು ಅಲ್ಲಿನ ರೈತ ಸಂಘಟನೆಗಳ ದೊಡ್ಡ ತಕರಾರಾಗಿತ್ತು. ಅವರ ಒತ್ತಾಯದ ಫಲವಾಗಿ 2018ರಿಂದ ಪಾಸ್ತಾ ಪಾಕೀಟಿನ ಮೇಲೆ ಗೋದಿ ಬೆಳೆದ ದೇಶ ಯಾವುದು, ಬೀಸಿದ ದೇಶ ಯಾವುದು ಅಂತ ಬರೆಯಲೇಬೇಕಾಯ್ತು. ನಮ್ಮ ಗೋದಿ ಚೀಲದ ಮೇಲೆ ಊರ ಹೆಸರಿಲ್ಲ, ತಳಿ ಹೆಸರಂತೂ ಇಲ್ಲವೇ ಇಲ್ಲ.

ಪಾಸ್ತಾ ಅಂದ ತಕ್ಷಣ "ಚೀನಾದಿಂದ ಮಾರ್ಕೊ ಪೋಲೊ ತಂದಿದ್ದಂತೆ" ಅಂತ ಹೇಳೋರಿದ್ದಾರೆ. ಅದು ಬರೀ ಕಥಿ. ಮಾರ್ಕೊ ಪೋಲೊ ವಾಪಸ್ ಬಂದಿದ್ದು 1295ರಲ್ಲಿ. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, 1154ರಲ್ಲಿ, ಸಿಸಿಲಿಯ ದೊರೆ ಎರಡನೇ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳ ಪಂಡಿತ ಅಲ್ ಇದ್ರೀಸಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಅನ್ನೋ ಊರಲ್ಲಿ ಇತ್ರಿಯಾ ಎಂಬ ಎಳೆ ಪಾಸ್ತಾ ಮಾಡಿ ಹಡಗು ತುಂಬಿ ಹೊರಗೆ ಕಳಿಸ್ತಾರೆ ಅಂತ ಬರೆದಿಟ್ಟಿದ್ದಾನೆ. ಒಣಗಿಸಿದ ಗಟ್ಟಿ ಗೋದಿ ಕೆಡೋದಿಲ್ಲ, ದೂರ ಹೋಗ್ತದೆ, ಅದೇ ಅದರ ವ್ಯಾಪಾರದ ಗುಟ್ಟು. ಸಿಸಿಲಿ, ಮತ್ತೆ ಇಟಲಿಯ ಹಿಮ್ಮಡಿ ಅಂತ ಕರೆಯೋ ಪುಲಿಯಾ ಪ್ರಾಂತ್ಯದ ಫೊಜ್ಜಾ ಬಯಲು, ಇವು ಇವತ್ತಿಗೂ ಡ್ಯೂರಮ್ ಸೀಮೆ. ಚಳಿಗಾಲದ ಮಳೆ ಮೇಲೆ ಬೆಳೆದು ಬೇಸಿಗೆ ಬಿಸಿಲಿಗೆ ಒಣಗೋ ಬೆಳೆ. ನಾವು ಹಸಿ ಎರಿಯೊಳಗ ಬಿತ್ತಿ, ಇಬ್ಬನಿ ಮೇಲೆ ಬೆಳೆಸಿ, ಬಿಸಿಲಿಗೆ ರಾಶಿ ಮಾಡೋದು ಇದರದೇ ದಾಯಾದಿ. ಕಾಳು ಕಟ್ಟೋ ಕಡೆಯ ಹೊತ್ತಿನಾಗ ಒಣ ಹವೆ ಇದ್ದರೇನೇ ಗಟ್ಟಿ ಗೋದಿಗೆ ಗಾಜಿನ ಹೊಳಪು ಬರೋದು.

ಈಗ ಅಡಗಿಮನಿಗೆ ಬರ್ರಿ. ನಮ್ಮ ಕಡೆ ಪಾಸ್ತಾ ಅಂದ್ರೆ ಮಕ್ಕಳು ಬೇಡೋದು, ನಾವು ಕುಕ್ಕರ್‌ನಾಗ ಎರಡು ಸೀಟಿ ಹೊಡೆಸಿ, ಮ್ಯಾಲೆ ಮಸಾಲಿ ಸುರಿಯೋದು. ಇಲ್ಲಾಂದ್ರೆ ಹೋಟೆಲಿನ ಬಿಳಿ ಸಾಸ್, ಹಾಲು ಮೈದಾ ಕುದಿಸಿದ್ದು. ತಿನ್ನೋರಿಗೆ ಬ್ಯಾಡ ಅನ್ನಂಗಿಲ್ಲ. ಆದರೆ ಆ ಸಾಸ್ ಕೆಳಗೆ ಎಂಥಾ ಕೆಟ್ಟ ಪಾಸ್ತಾ ಇದ್ದರೂ ಗೊತ್ತಾಗೋದಿಲ್ಲ. ರೈತ ಮಾತ್ರ ಕಾಳಿನ ರುಚಿ ಕಾಣೋ ಹಂಗ ಮಾಡಿ ತಿನ್ನಬೇಕು.

ಮೊದಲು ಪಾಕೀಟಿನ ಬೆನ್ನು ಓದ್ರಿ. "ಡ್ಯೂರಮ್ ವೀಟ್ ಸೆಮೊಲಿನಾ" ಅಂತ ಒಂದೇ ಪದಾರ್ಥ ಬರೆದಿದ್ದರೆ ತಗೋಳ್ರಿ. "ರಿಫೈನ್ಡ್ ವೀಟ್ ಫ್ಲೋರ್" ಅಂತ ಇದ್ದರೆ ಅದು ಮೈದಾ, ಅಲ್ಲೇ ಇಡ್ರಿ. ಮೇಲ್ಮೈ ಸ್ವಲ್ಪ ಒರಟು, ಹಿಟ್ಟು ಉದುರಿದಂಗ ಮಾಸಲು ಕಾಣೋದು ಒಳ್ಳೆಯದು. ಕಂಚಿನ ಅಚ್ಚಿನಿಂದ ಒತ್ತಿದ್ದಕ್ಕೆ ಹಂಗಿರ್ತೈತಿ, ಅದಕ್ಕೆ ಎಣ್ಣಿ ರಸ ಹತ್ತಿಕೊಳ್ತದೆ. ನೇಪಲ್ಸ್ ಹತ್ತಿರ ಗ್ರಾನ್ಯಾನೊ ಅನ್ನೋ ಊರು ಈ ಕೆಲಸಕ್ಕೇ ಹೆಸರುವಾಸಿ. ಸಮುದ್ರದ ಗಾಳಿಗೆ ಬೀದಿಯಲ್ಲೇ ಪಾಸ್ತಾ ಒಣಹಾಕ್ತಿದ್ದ ಊರು ಅದು. 2013ರಲ್ಲಿ ಆ ಊರ ಪಾಸ್ತಾಕ್ಕೆ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕಂಗ.

ಕುದಿಸೋ ಲೆಕ್ಕ ಸರಳ ಐತಿ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಾಲ್ಕು ಜನಕ್ಕೆ 400 ಗ್ರಾಂ ಪಾಸ್ತಾ, 4 ಲೀಟರ್ ನೀರು. ಉಪ್ಪು ಜಾಸ್ತಿ ಅನ್ನಿಸ್ತದೆ, ಆದರೆ ಹೆಚ್ಚಿನದು ನೀರಿನ ಜೋಡಿ ಹೋಗ್ತದೆ. ನೀರು ಕೊತಕೊತ ಕುದಿಯೋವಾಗ ಪಾಸ್ತಾ ಹಾಕಿ ಒಮ್ಮೆ ತಿರುವ್ರಿ. ನೀರಿಗೆ ಎಣ್ಣಿ ಹಾಕಬ್ಯಾಡ್ರಿ, ಅದು ಮ್ಯಾಲೆ ತೇಲಿಕೋತ ಇರ್ತೈತಿ, ಆಮೇಲೆ ಪಾಸ್ತಾಕ್ಕೆ ರಸ ಹತ್ತದಂಗ ಮಾಡ್ತೈತಿ. ಪಾಕೀಟಿನ ಮೇಲೆ ಬರೆದ ಸಮಯಕ್ಕಿಂತ 2 ನಿಮಿಷ ಮೊದಲೇ ಒಂದು ತುಂಡು ಹಲ್ಲಿಗೆ ಹಾಕಿ ನೋಡ್ರಿ. ಕಡಿದ ಕಡೆ ನಡುವೆ ಸಣ್ಣ ಬಿಳಿ ಚುಕ್ಕಿ ಕಂಡರೆ ಅದೇ ಹದ. ಇಟಲಿಯವರು ಇದಕ್ಕೆ ಅಲ್ ದೆಂತೆ ಅಂತಾರೆ, ಹಲ್ಲಿಗೆ ಸಿಗೋವಂಗ ಅಂತ. ಒಂದು ದೊಡ್ಡ ವಾಟಿ ಕುದಿಸಿದ ನೀರು ತೆಗೆದಿಟ್ಟು ಉಳಿದದ್ದು ಬಸೀರಿ. ತಣ್ಣೀರಿನಾಗ ತೊಳಿಬ್ಯಾಡ್ರಿ.

ಬಾಣಲಿಯಲ್ಲಿ ಎಣ್ಣಿ, ಅದರಾಗ ಏಳೆಂಟು ಎಸಳು ಬಳ್ಳೊಳ್ಳಿ ತೆಳ್ಳಗ ಹೆಚ್ಚಿ ಸಣ್ಣ ಉರಿ ಮೇಲೆ ಇಡ್ರಿ. ಕೆಂಪಾಗಬಾರದು, ಹೊಂಬಣ್ಣ ಸಾಕು. ಒಣ ಮೆಣಸಿನಕಾಯಿ ಮುರಿದು ಹಾಕ್ರಿ. ಪಾಸ್ತಾ ಹಾಕಿ, ತೆಗೆದಿಟ್ಟ ನೀರು ಸ್ವಲ್ಪ ಸ್ವಲ್ಪ ಹಾಕ್ಕೋತ ಜೋರು ಉರಿಯಲ್ಲಿ ಒಂದೆರಡು ನಿಮಿಷ ಆಡಸ್ರಿ. ಆ ನೀರಿನ ಪಿಷ್ಟ ಎಣ್ಣಿ ಜೋಡಿ ಕೂಡಿ ದಪ್ಪ ರಸ ಆಗ್ತೈತಿ. ಇದೇ ಅವರ ಬಳ್ಳೊಳ್ಳಿ-ಎಣ್ಣಿ-ಮೆಣಸಿನಕಾಯಿ ಸ್ಪಗೆಟಿ. ಅವರದು ಆಲಿವ್ ಎಣ್ಣಿ. ಗಾಣದ ಶೇಂಗಾ ಎಣ್ಣಿ ಹಾಕಿದರೆ ರುಚಿ ಬ್ಯಾರೆ ಆಗ್ತೈತಿ, ಕೆಟ್ಟಂತೂ ಆಗಂಗಿಲ್ಲ. ಟೊಮ್ಯಾಟೊ ಇಲ್ಲದೆ ಪಾಸ್ತಾ ಎಲ್ಲಿಯದು ಅನ್ನಬ್ಯಾಡ್ರಿ. ಟೊಮ್ಯಾಟೊ, ಮೆಣಸಿನಕಾಯಿ ಎರಡೂ ಅಮೆರಿಕಾದಿಂದ ಬಂದ ಬೆಳೆ, ನಮಗೂ ಹೊಸದು ಅವರಿಗೂ ಹೊಸದು. ಪಾಸ್ತಾ ಜೋಡಿ ಟೊಮ್ಯಾಟೊ ರಸ ರೂಢಿಗೆ ಬಂದಿದ್ದು 19ನೇ ಶತಮಾನದಾಗ.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು: ಕಡ್ಲಿ ಪಾಸ್ತಾ. ಪುಲಿಯಾದ ದಕ್ಷಿಣ ಭಾಗದಾಗ ಇದಕ್ಕೆ ಚೀಚರಿ ಎ ತ್ರಿಯಾ ಅಂತಾರೆ. ಚೀಚರಿ ಅಂದ್ರೆ ಕಡ್ಲಿ. ತ್ರಿಯಾ ಅನ್ನೋದು ಅದೇ ಅಲ್ ಇದ್ರೀಸಿ ಬರೆದ ಇತ್ರಿಯಾ. ರಾತ್ರಿ ನೆನಸಿದ ಕಡ್ಲಿ ಮೆತ್ತಗ ಬೇಯಿಸಿ, ಬಳ್ಳೊಳ್ಳಿ ಎಣ್ಣಿ ಒಗ್ಗರಣಿ ಕೊಟ್ಟು, ಅದೇ ಕಟ್ಟಿನೊಳಗ ಪಾಸ್ತಾ ಬೇಯಿಸ್ತಾರೆ. ಸ್ವಲ್ಪ ಪಾಸ್ತಾ ಎಣ್ಣಿಯೊಳಗ ಕರಿದು ಗರಿಗರಿ ಮಾಡಿ ಮ್ಯಾಲೆ ಹಾಕ್ತಾರೆ. ಅಲ್ಲಿನ ಮುರ್ಜಾ ಗುಡ್ಡದ ಸೀಮೆಯಲ್ಲಿ ಕರಿ ಕಡ್ಲಿನೂ ಬೆಳೀತಾರೆ, ಹೀಗಾಗಿ ನಮ್ಮ ನಾಡ ಕಡ್ಲಿ ಹಾಕಿದರೆ ಏನೂ ತಪ್ಪಿಲ್ಲ. ಚೀಸ್ ಬೇಕೇ ಬೇಕು ಅನ್ನೋದೂ ಸುಳ್ಳು. ದಕ್ಷಿಣ ಇಟಲಿಯ ಬಡವರು ಚೀಸ್ ಬದಲಿಗೆ ಒಣ ರೊಟ್ಟಿ ಪುಡಿ ಎಣ್ಣಿಯಲ್ಲಿ ಹುರಿದು ಉದುರಿಸ್ಕೊಂಡು ತಿಂದವರು. ಗೋದಿ ಕಡ್ಲಿ ಎರಡೂ ಒಂದೇ ಬಟ್ಟಲಲ್ಲಿ, ನಮ್ಮ ಹಿಂಗಾರಿ ಹೊಲ ನೋಡಿದಂಗ ಆಗ್ತೈತಿ.

ಕೈಯಿಂದ ಮಾಡೋರಿಗೂ ಹೇಳ್ತೀನಿ. ಪುಲಿಯಾದ ಬಾರಿ ಪಟ್ಟಣದ ಹಳೇ ಓಣಿಯಲ್ಲಿ ಹೆಣ್ಣುಮಕ್ಕಳು ಮನಿ ಬಾಗಿಲಲ್ಲಿ ಮಣೆ ಇಟ್ಕೊಂಡು ಒರೆಕಿಯೆತ್ತೆ ಮಾಡಿ ಮಾರ್ತಾರೆ. ಸಣ್ಣ ಕಿವಿ ಆಕಾರದ ಪಾಸ್ತಾ ಅದು. 400 ಗ್ರಾಂ ಸಣ್ಣ ಗಟ್ಟಿ ಗೋದಿ ರವಾಕ್ಕೆ ಹತ್ತಿರ ಹತ್ತಿರ 200 ಮಿಲಿ ಉಗುರು ಬೆಚ್ಚಗಿನ ನೀರು. ಹತ್ತು ನಿಮಿಷ ನಾದಿ, ಅರ್ಧ ತಾಸು ಮುಚ್ಚಿಡಬೇಕು. ಬೆರಳು ದಪ್ಪ ಹೊಸೆದು, ಉಗುರಿನಷ್ಟು ತುಂಡು ಮಾಡಿ, ಚಾಕುವಿನಿಂದ ಮಣೆ ಮೇಲೆ ಎಳೆದು, ಹೆಬ್ಬೆರಳಿನ ಮೇಲೆ ತಿರುವಿ ಹಾಕಿದರೆ ಕಿವಿ ಆಯ್ತು. ನಮ್ಮ ಅಜ್ಜಿಯರು ಮದುವಿ ಬಂದರೆ ಶಾವಗಿ, ಗವಲಿ, ಪರಡಿ, ಸವತಿಬೀಜ ಅಂತ ತಿಂಗಳಗಟ್ಟಲೆ ಮಾಡ್ತಿದ್ದರಲ್ಲ, ಬೆರಳಿನ ಕೆಲಸ ಅದೇ. ಅವರು ಉಪ್ಪು ಎಣ್ಣಿ ಹಾಕಿದರು, ನಾವು ಬೆಲ್ಲ ಹಾಲು ಹಾಕಿದೆವು. ಅವರ ಓಣಿ ನೋಡಾಕ ಜಗತ್ತಿನ ಜನ ಬರ್ತಾರೆ. ನಮ್ಮಲ್ಲಿ ಗವಲಿ ಮಾಡಾಕ ಬರೋ ಕೈ ಊರಿಗೆ ಎಷ್ಟು ಉಳಿದಾವು, ಎಣಿಸಿ ನೋಡ್ರಿ.

ಜವೆ ಗೋದಿ ವಿಷಯನೂ ಹಿಂಗೇ. ಜವೆ, ಮಹಾರಾಷ್ಟ್ರದ ಖಪ್ಲಿ, ಇಟಲಿಯ ಫಾರ್ರೊ, ಮೂರೂ ಒಂದೇ ಜಾತಿ. ಟಸ್ಕನಿಯ ಗಾರ್ಫಾನ್ಯಾನಾ ಕಣಿವೆಯ ಫಾರ್ರೊಗೆ 1996ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಅವರು ಅದನ್ನು ಕಾಳಿನ ಸಾರಿಗೆ ಹಾಕ್ತಾರೆ, ನಾವು ಹುಗ್ಗಿ ಮಾಡ್ತೀವಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಅಂತ ಗಿಡ್ಡ ಜವೆ ತಳಿ ಕೊಟ್ಟಿದೆ. ಬೀಜ ಇಲ್ಲ ಅನ್ನೋ ಮಾತು ಇಲ್ಲಿ ನಡಿಯಂಗಿಲ್ಲ.

ಹಳೇ ತಳಿ ಹೆಸರು ಹಣ ತರ್ತದಾ ಅಂತ ಕೇಳೋರಿಗೆ ಒಂದು ಉದಾಹರಣೆ. ನಜರೇನೊ ಸ್ತ್ರಾಂಪೆಲ್ಲಿ ಅನ್ನೋ ತಳಿ ವಿಜ್ಞಾನಿ 1923ರಲ್ಲಿ ಸೆನತೋರೆ ಕಪ್ಪೆಲ್ಲಿ ಅಂತ ಡ್ಯೂರಮ್ ತಳಿ ಬಿಟ್ಟರು. ಎತ್ತರ ಬೆಳೀತಿತ್ತು, ಗಾಳಿಗೆ ಬೀಳ್ತಿತ್ತು. ಹತ್ತಾರು ವರ್ಷ ಅದೇ ಮೆರೆದು, 1970ರ ದಶಕದಲ್ಲಿ ಕ್ರೇಸೊದಂಥ ಗಿಡ್ಡ ತಳಿ ಬಂದ ಮೇಲೆ ಮೂಲೆ ಸೇರಿತು. ಈಗ ಮತ್ತೆ ಅದೇ ತಳಿ ಹೆಸರು ಪಾಕೀಟಿನ ಮೇಲೆ ದೊಡ್ಡದಾಗಿ ಬರೆದು ಹೆಚ್ಚಿನ ಬೆಲೆಗೆ ಪಾಸ್ತಾ ಮಾರ್ತಾರೆ. ಇಳುವರಿಯಲ್ಲಿ ಸೋತ ತಳಿ ಹೆಸರಿನಲ್ಲಿ ಗೆದ್ದಿತು. ಬಿಜಗಕ್ಕೆ ಆ ದಾರಿ ಮುಚ್ಚಿಲ್ಲ.

ಈಗ ನಿಮ್ಮ ತಕರಾರು. "ಇಳುವರಿ ಕಡಿಮಿ." ಹೌದು, ನೀರಾವರಿ ಸಾದಾ ಗೋದಿ ಮುಂದೆ ಕಡಿಮಿನೇ. "ಕೊಳ್ಳೋರು ಯಾರು?" ಇದಕ್ಕೂ ನನ್ನ ಹತ್ರ ಜಾದು ಉತ್ತರ ಇಲ್ಲ. ಒಂದು ಟ್ರ್ಯಾಕ್ಟರ್ ಗೋದಿ ನೋಡಿ ಯಾವ ಫ್ಯಾಕ್ಟರಿಯವನೂ ನಮ್ಮೂರಿಗೆ ಬರಂಗಿಲ್ಲ. ಅದಕ್ಕೆ ಇಡೀ ಹೊಲ ಬಿತ್ರಿ ಅಂತ ನಾನು ಹೇಳ್ತಾ ಇಲ್ಲ. "ಜೋಳದ ರೊಟ್ಟಿ ಬಿಟ್ಟು ಪಾಸ್ತಾ ತಿನ್ನೂದೇನು?" ಅದನ್ನೂ ಹೇಳ್ತಾ ಇಲ್ಲ, ರೊಟ್ಟಿ ರೊಟ್ಟಿನೇ. ಮಕ್ಕಳು ಹೆಂಗೂ ಪಾಕೀಟು ತರಸ್ತಾರೆ. ಆ ರೊಕ್ಕ ಮೈದಾಕ್ಕೆ ಹೋಗಬೇಕಾ, ಗಟ್ಟಿ ಗೋದಿಗೆ ಹೋಗಬೇಕಾ ಅನ್ನೋದಷ್ಟೇ ಪ್ರಶ್ನೆ. ಇಟಲಿಯಲ್ಲಿ ಕಾನೂನನ್ನು ಕಾದಿದ್ದು ತಿನ್ನೋರ ನಾಲಿಗೆ ಅಂದೆನಲ್ಲ. ನಮ್ಮ ಸೀಮೆಯ ನಾಲಿಗೆಗೆ ಗಟ್ಟಿ ಗೋದಿ ಗುರುತು ಹತ್ತದೆ ನಮ್ಮ ಸೀಮೆಯ ಪೇಟೆಯಲ್ಲಿ ಅದಕ್ಕೆ ಬ್ಯಾರೆ ರೇಟ್ ಬರಂಗಿಲ್ಲ.

ಮಾಡಬಹುದಾದ್ದು ಇಷ್ಟು. ಒಂದು ಎಕರೆ ಬಿಜಗ ಅಥವಾ ಜವೆ ಬಿತ್ರಿ, ಬ್ಯಾರೆ ಗೋದಿ ಬೀಜ ಕೂಡಿಸಬ್ಯಾಡ್ರಿ. ಸಾರಜನಕ ಕಡಿಮಿ ಬಿದ್ದರೆ ಕಾಳಿನ ಮೇಲೆ ಬಿಳಿ ಮಚ್ಚೆ ಬರ್ತೈತಿ, ಆ ಕಾಳು ರವಾ ಆಗದೆ ಹಿಟ್ಟಾಗ್ತೈತಿ, ಪ್ರೋಟೀನೂ ಕಡಿಮಿ. ಹೀಗಾಗಿ ಗೊಬ್ಬರ ಪೂರ್ತಿ ಬಿಡಬ್ಯಾಡ್ರಿ. ಮಾಗಿದ ಮೇಲೆ ಹೊಲದಾಗ ಕಾಯಿಸಬ್ಯಾಡ್ರಿ, ಒಂದು ಅಕಾಲ ಮಳಿಗೆ ಹೊಳಪು ಹೋಗ್ತೈತಿ. ರಾಶಿ ಆದ ಮೇಲೆ 50 ಕಾಳು ಆರಿಸಿ ಬ್ಲೇಡಿನಿಂದ ಅಡ್ಡ ಕೊಯ್ದು ನೋಡ್ರಿ. ಒಳಗ ಗಾಜಿನಂಗ ಇದ್ದವು ಎಷ್ಟು, ಸುಣ್ಣದಂಗ ಇದ್ದವು ಎಷ್ಟು, ಎಣಿಸಿ ಬರೆದಿಡ್ರಿ. ಕೊಳ್ಳೋನ ಮುಂದೆ "ನಮ್ಮ ಗೋದಿ ಚಲೋ ಐತಿ" ಅನ್ನೋದಕ್ಕಿಂತ "50ರಾಗ 45 ಗಾಜು" ಅನ್ನೋ ಮಾತಿಗೆ ತೂಕ ಜಾಸ್ತಿ.

ಶಾವಗಿ ಮಷಿನ್ ಇರೋ ಸ್ವಸಹಾಯ ಸಂಘದ ಅಕ್ಕಾರಿಗೆ ಒಂದು ಮಾತು. ಪಾಸ್ತಾ ಮಷಿನ್‌ನ ತತ್ವನೂ ನಿಮ್ಮದೇ, ಗಟ್ಟಿ ಕಣಕ ಅಚ್ಚಿನಿಂದ ಒತ್ತೋದು. ಬ್ಯಾರೆ ಆಗೋದು ಒಣಗಿಸೋದರಾಗ. ದಪ್ಪ ಪಾಸ್ತಾ ಉರಿಬಿಸಿಲಿಗೆ ಹಾಕಿದರೆ ಮ್ಯಾಲೆ ಒಣಗಿ ಒಳಗ ಹಸಿ ಉಳಿದು ಸೀಳ್ತದೆ. ನೆರಳಿನಾಗ, ಗಾಳಿ ಆಡೋ ಕಡೆ, ನಿಧಾನಕ್ಕ ಒಣಗಬೇಕು. ಚೀಟಿ ಮೇಲೆ ಊರ ಹೆಸರು, ತಳಿ ಹೆಸರು, ರಾಶಿ ಮಾಡಿದ ವರ್ಷ ಬರೀರಿ. ಇಟಲಿ ರೈತರು ಹೋರಾಡಿ ಬರೆಸಿದ್ದನ್ನು ನಾವು ಸುಮ್ಮನೆ ಕೈಯಾರೆ ಬರೆಯಬಹುದು.

ಈ ವಾರ ಒಂದು ಪಾಕೀಟು ಡ್ಯೂರಮ್ ಪಾಸ್ತಾ ತಂದು ಮೇಲೆ ಹೇಳಿದಂಗ ಕುದಿಸಿ, ಮನಿಯಾಗ ಬಿಜಗ ಇದ್ದರೆ ಅದರ ರವಾದ ಒರೆಕಿಯೆತ್ತೆನೂ ಮಾಡಿ, ಎರಡೂ ಕೂಡಿಸಿ ತಿಂದು ನೋಡ್ರಿ. ನೀರು ಎಷ್ಟು ಗಂಜಿ ಆಯ್ತು, ಹಲ್ಲಿಗೆ ಹೆಂಗ ಸಿಕ್ತು, ಯಾವ ತಳಿ, ಯಾವ ಹೊಲ ಅಂತ ಕೆಳಗ ಬರೀರಿ. ಶುದ್ಧ ಬಿಜಗ, ಜವೆ ಬೀಜ ಯಾರ ಹತ್ರ ಎಷ್ಟು ಐತಿ ಅಂತನೂ ಬರೀರಿ, ಬಿತ್ತಿಗಿಗೆ ಮೊದಲೇ ಬೇಕಾದವರಿಗೆ ಮುಟ್ಟಲಿ.